ಕೆಳಮನೆಯ ತಂಪು

ನಮ್ಮ ಮನೆಯಲ್ಲಿರುವುದು ಒಂದು ಪಗ್ ನಾಯಿ. ಚಪ್ಪಟೆ ಮೂಗು, ಮುಖದ ತುಂಬ ಸುಕ್ಕು, ಮೈ ಬೇಕಾದ್ದಕ್ಕಿಂತ ದಪ್ಪ. ಮಗಳು ಸ್ಕೂಲಿನಲ್ಲಿದ್ದಾಗ ಹಟ ಹಿಡಿದು ತರಿಸಿಕೊಂಡದ್ದು. ಈಗ ಅವಳು ಕಾಲೇಜಿಗೆ ಹೋಗುತ್ತಾಳೆ, ನಾಯಿಯ ಊಟ ಸ್ನಾನ ಎಲ್ಲ ನನ್ನ ಪಾಲಿಗೆ ಬಂದಿದೆ. ಚೆನ್ನೈಯಂಥ ಊರಿನಲ್ಲಿ ಈ ಜಾತಿಯನ್ನು ಸಾಕುವುದು ಕಷ್ಟ ಎಂದು ತರುವಾಗ ನಮಗೆ ಯಾರೂ ಹೇಳಿರಲಿಲ್ಲ. ಮೊದಲ ಬೇಸಿಗೆಯಲ್ಲಿ ಡಾಕ್ಟರು ಅವನ ಬಾಯಿ ತೆರೆದು ತೋರಿಸಿ ಹೇಳಿದರು: ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಒಳಗಿನ ಬಿಸಿ ಉಸಿರಿನಲ್ಲೇ ಹೊರಗೆ ಹೋಗಬೇಕು, ಇವನಿಗೆ ಮೂಗೂ ಗಿಡ್ಡ, ಗಂಟಲೂ ಇಕ್ಕಟ್ಟು, ಬಿಸಿಲು ಕಾಲದಲ್ಲಿ ಇವನನ್ನು ಕೈಗೂಸಿನಂತೆ ನೋಡಿಕೊಳ್ಳಬೇಕು.

ಹಾಗೇ ನೋಡಿಕೊಂಡೆವು. ಮಾರ್ಚ್ ಬಂತೆಂದರೆ ವಾಕಿಂಗ್ ಬೆಳಕು ಹರಿಯುವ ಮೊದಲೇ ಮುಗಿಯುತ್ತಿತ್ತು. ಸಂಜೆ ಅವನನ್ನು ಹೊರಗೆ ಬಿಡುವ ಮುನ್ನ ನಾನು ರಸ್ತೆಯ ಟಾರಿನ ಮೇಲೆ ಅಂಗೈ ಊರಿ ನೋಡುತ್ತಿದ್ದೆ. ನನ್ನ ಕೈ ತಡೆಯದಿದ್ದರೆ ಅವನ ಪಾದವೂ ತಡೆಯುವುದಿಲ್ಲ. ಅನ್ನಕ್ಕೆ ಮೊಸರು ಜಾಸ್ತಿ, ಕುಡಿಯುವ ನೀರಿಗೆ ಐಸ್ ಒಂದು ತುಂಡು, ಮಧ್ಯಾಹ್ನ ನೆಲಕ್ಕೆ ಒದ್ದೆ ಬಟ್ಟೆ. ಏಪ್ರಿಲ್ ದಾಟಿ, ಇಲ್ಲಿಯವರು ಕತ್ತಿರಿ ಎನ್ನುವ ಮೇ ತಿಂಗಳ ಕಡುಬಿಸಿಲು ಶುರುವಾದ ಮೇಲೆ ಇದ್ಯಾವುದೂ ಸಾಲುತ್ತಿರಲಿಲ್ಲ. ನಮ್ಮದು ತಾಂಬರದಲ್ಲಿ ಕಟ್ಟಡದ ಕೊನೆಯ ಮಹಡಿ, ನೆತ್ತಿಯ ಮೇಲೆ ಬರೀ ತಾರಸಿ. ಹನ್ನೆರಡು ಗಂಟೆಗೆ ಗೋಡೆ ಮುಟ್ಟಿದರೆ ಆಗತಾನೆ ಒಲೆಯಿಂದ ಇಳಿಸಿದ ಪಾತ್ರೆಯ ಹಾಗಿರುತ್ತದೆ. ಆದ್ದರಿಂದ ನಾನು ಆಫೀಸಿಗೆ ಹೊರಡುವಾಗ ನಮ್ಮ ಬೆಡ್‌ರೂಮಿನ ಏಸಿ ಹಾಕಿ, ನಾಯಿಯನ್ನು ಒಳಗೆ ಬಿಟ್ಟು, ಬಾಗಿಲು ಮುಚ್ಚಿ ಹೋಗುತ್ತಿದ್ದೆ. ಮನೆಯಲ್ಲಿದ್ದದ್ದು ಅದೊಂದೇ ಏಸಿ.

ಹಗಲು ಹೊತ್ತು ಮನೆಯಲ್ಲಿರುವವರು ನನ್ನ ಅತ್ತೆ ಒಬ್ಬರೇ. ನನ್ನ ಗಂಡ ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕ, ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ನಾನು ಎಲೆಕ್ಟ್ರಿಕ್ ಟ್ರೇನ್ ಹಿಡಿದು ಇನ್ಶೂರೆನ್ಸ್ ಆಫೀಸಿಗೆ ಹೋಗುತ್ತೇನೆ. ಮಾವನವರು ರೈಲ್ವೆಯಲ್ಲಿದ್ದವರು, ರಿಟೈರಾದ ಮೇಲೆ ಈ ಮನೆ ಕೊಂಡರು, ಈಗಿಲ್ಲ. ಅತ್ತೆಗೆ ಎಂಬತ್ತರ ಹತ್ತಿರ. ಮದುವೆಯಾಗಿ ಮೈಸೂರು ಕಡೆಯಿಂದ ಈ ಊರಿಗೆ ಬಂದವರು, ತಮಿಳನ್ನು ತಮಿಳರ ಹಾಗೇ ಮಾತಾಡುತ್ತಾರೆ, ನಮ್ಮ ಜೊತೆ ಮಾತ್ರ ಇವತ್ತಿಗೂ ತೌರಿನ ಕನ್ನಡ. ಮೊಮ್ಮಗಳಿಗೆ ಆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಕೊಡುವುದು ಮಾತ್ರ ತಮಿಳಿನಲ್ಲಿ.

ಏಸಿ ಹಾಕಿಸಿದ ವರ್ಷ ಅತ್ತೆಯನ್ನು ಕೇಳಿದ್ದೆವು. "ಆ ಗಾಳಿ ನಂಗಾಗಲ್ಲ ಕಣಮ್ಮ, ಮಂಡಿ ಹಿಡ್ಕೊಳ್ಳುತ್ತೆ," ಎಂದರು. ಅಲ್ಲಿಗೆ ಮಾತು ಮುಗಿಯಿತು. ಅಂದಿನಿಂದ ಅವರು ಹಾಲಿನಲ್ಲಿ ಫ್ಯಾನಿನ ಕೆಳಗೆ, ನಾಯಿ ಬೆಡ್‌ರೂಮಿನಲ್ಲಿ ಏಸಿಯ ಕೆಳಗೆ. ಅತ್ತೆ ಮಧ್ಯೆ ಮಧ್ಯೆ ಎದ್ದು ಹೋಗಿ ಬಾಗಿಲು ಸ್ವಲ್ಪವೇ ತೆರೆದು ಅವನ ಬಟ್ಟಲಿಗೆ ನೀರು ಹಾಕಿ, ತಂಪು ಹೊರಗೆ ಹೋಗದಂತೆ ತಕ್ಷಣ ಬಾಗಿಲು ಎಳೆದುಕೊಂಡು ಬಂದು ಮತ್ತೆ ಫ್ಯಾನಿನ ಕೆಳಗೆ ಕೂರುತ್ತಿದ್ದರು. ಸಂಜೆ ನಾನು ಬಂದಾಗ ಅವನ ದಿನಚರಿ ಒಪ್ಪಿಸುತ್ತಿದ್ದರು, ಎಷ್ಟು ನಿದ್ದೆ ಮಾಡಿದ, ನೀರು ಕುಡಿದನೋ ಇಲ್ಲವೋ. ನನ್ನ ಗಂಡ ಸ್ನೇಹಿತರ ಹತ್ತಿರ "ನಮ್ಮನೇಲಿ ಏಸಿ ಇರೋದು ನಾಯಿಗೆ" ಎಂದು ಹೇಳಿ ನಗಿಸುತ್ತಿದ್ದರು. ನಾನೂ ನಗುತ್ತಿದ್ದೆ.

ನಮ್ಮ ಕಟ್ಟಡದ ಕೆಳಮನೆಯಲ್ಲಿ ಒಬ್ಬ ರಿಟೈರ್ಡ್ ಟೀಚರ್ ಇದ್ದಾರೆ. ಸರ್ಕಾರಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು, ಮದುವೆಯಾದವರಲ್ಲ, ಒಬ್ಬರೇ ಇರುತ್ತಾರೆ. ಕಟ್ಟಡದವರೆಲ್ಲ ಅವರನ್ನು ಕರೆಯುವುದೇ ಟೀಚರ್ ಎಂದು. ಅವರಿಗೂ ನಮಗೂ ಮಾತು ನಿಂತುಹೋಗಿತ್ತು. ಕಾರಣ ನಾಯಿಯೇ. ಟೀಚರ್ ದಿನಾ ನಸುಕಿನಲ್ಲಿ ಎದ್ದು ಮನೆ ಮುಂದೆ ನೀರು ಚಿಮುಕಿಸಿ ದೊಡ್ಡ ಕೋಲಂ ಹಾಕುತ್ತಾರೆ. ನಮ್ಮವನು ಮೆಟ್ಟಿಲಿಳಿದ ಕೂಡಲೆ ಕಾಲೆತ್ತುತ್ತಿದ್ದದ್ದು ಆ ರಂಗೋಲಿಯ ಮೂಲೆಗೇ. ಎರಡು ಮೂರು ಸಲ ನನಗೆ ಮೆತ್ತಗೆ ಹೇಳಿದರು. ಆಮೇಲೆ ಅಸೋಸಿಯೇಷನ್ ಮೀಟಿಂಗಿನಲ್ಲಿ ಹೇಳಿದರು. ಎಲ್ಲರ ಮುಂದೆ ಹೇಳಿದ್ದು ನನ್ನ ಗಂಡನಿಗೆ ತಡೆಯಲಿಲ್ಲ. "ಇಷ್ಟು ಸೂಕ್ಷ್ಮ ಇದ್ದರೆ ಫ್ಲ್ಯಾಟಿನಲ್ಲಿ ಯಾಕಿರಬೇಕು, ಎಲ್ಲಾದರೂ ಒಂಟಿ ಮನೆ ನೋಡಿಕೊಳ್ಳಲಿ. ಹೇಗೂ ಒಂಟಿಯೇ ಅಲ್ಲವೆ," ಎಂದು ತಮಿಳಿನಲ್ಲಿ ಅಂದುಬಿಟ್ಟರು. ಇಬ್ಬರು ಗಂಡಸರು ನಕ್ಕರು. ಟೀಚರ್ ತಮ್ಮ ಕುರ್ಚಿ ತಾವೇ ಮಡಚಿಕೊಂಡು ಎದ್ದು ಹೋದರು.

ಮನೆಗೆ ಬಂದ ಮೇಲೆ ಅತ್ತೆ ಮಗನನ್ನು ಬೈದರು. ಹೋಗಿ ಕ್ಷಮೆ ಕೇಳು ಎಂದರು. ನನ್ನ ಗಂಡ ಹೋಗಲಿಲ್ಲ. ನಾನು ಹೋಗಬಹುದಿತ್ತು. ಮೆಟ್ಟಿಲಲ್ಲಿ ಎದುರಾದಾಗ ಫೋನು ನೋಡುತ್ತ ದಾಟಿಕೊಳ್ಳುವುದು ನನಗೆ ಅಭ್ಯಾಸವಾಯಿತು.

ಹೋದ ವರ್ಷದ ಕತ್ತಿರಿಯಲ್ಲಿ ಒಂದು ಶನಿವಾರ ನನಗೆ ರಜ. ಗಂಡನಿಗೆ ಡ್ಯೂಟಿ ಇತ್ತು, ಮಗಳು ಪರೀಕ್ಷೆಗೆ ಹೋಗಿದ್ದಳು. ಅಡುಗೆ ಮುಗಿಸಿ ಕೈ ಒರೆಸಿಕೊಳ್ಳುವ ಹೊತ್ತಿಗೆ ಕರೆಂಟ್ ಹೋಯಿತು. ಬೇಸಿಗೆಯಲ್ಲಿ ಅದೇನು ಹೊಸದಲ್ಲ. ಇನ್ವರ್ಟರಿನಲ್ಲಿ ಫ್ಯಾನು ತಿರುಗುತ್ತಿತ್ತು. ಏಸಿ ನಿಂತ ಬೆಡ್‌ರೂಮಿನಿಂದ ನಾಯಿ ಹೊರಗೆ ಬಂದು ಅತ್ತೆಯ ಕಾಲ ಬಳಿ ಮಲಗಿದ. ಊಟದ ಹೊತ್ತಿಗೆ ಹಳೆಯ ಬ್ಯಾಟರಿ ಕೈಕೊಟ್ಟಿತು, ಫ್ಯಾನೂ ನಿಂತಿತು. ಬಾಲ್ಕನಿಗೆ ಹೋಗಿ ಬೀದಿ ನೋಡಿದೆ. ಮೂಲೆಯಲ್ಲಿ ರಸ್ತೆ ಅಗೆದು ಯಾರೋ ಕೇಬಲ್ ಎಳೆಯುತ್ತಿದ್ದರು. ಕೇಳಿದ್ದಕ್ಕೆ, ಒಂದು ಫೇಸ್ ಸುಟ್ಟಿದೆ, ಸಾಯಂಕಾಲ ಆಗಬಹುದು ಎಂದರು. ಒಂದು ಫೇಸ್ ಹೋದರೆ ಆ ಲೈನಿನಲ್ಲಿರುವ ಮನೆಗಳಿಗೆ ಮಾತ್ರ ಕರೆಂಟ್ ಇರುವುದಿಲ್ಲ. ನಮ್ಮ ಮಹಡಿಗೆ ಇರಲಿಲ್ಲ.

ಸ್ವಲ್ಪ ಹೊತ್ತಿಗೇ ನಾಯಿಯ ಉಸಿರು ಬದಲಾಯಿತು. ಅವನು ಯಾವಾಗಲೂ ಗೊರ ಗೊರ ಎಂದೇ ಉಸಿರಾಡುವವನು, ಇದು ಬೇರೆ, ಗರಗಸದಿಂದ ಮರ ಕೊಯ್ದ ಹಾಗೆ. ನಾಲಗೆ ಪೂರಾ ಹೊರಗೆ ಬಿದ್ದು ಅಂಚು ಕಂದುತ್ತಿತ್ತು. ಬಾಯಿಂದ ಜೊಲ್ಲು ಅಂಟಂಟಾಗಿ ಇಳಿಯುತ್ತಿತ್ತು. ಟವೆಲ್ ನೆನೆಸೋಣವೆಂದು ನಲ್ಲಿ ತಿರುಗಿಸಿದರೆ ತಾರಸಿಯ ಟ್ಯಾಂಕಿನ ನೀರು ಕಾಯಿಸಿದ ಹಾಗೆ ಬಂತು. ಅಡುಗೆಮನೆಯ ಮೂಲೆಯಲ್ಲಿ ಅತ್ತೆ ಕುಡಿಯುವ ನೀರಿಗೆ ಇಟ್ಟುಕೊಂಡಿದ್ದ ಮಣ್ಣಿನ ಮಡಕೆ ಇತ್ತು. ಅದರಿಂದ ಒಂದು ಚೊಂಬು ಮೊಗೆದು ಟವೆಲ್ ಹಿಂಡಿ ಅವನ ಮೇಲೆ ಹೊದಿಸಿ ಡಾಕ್ಟರಿಗೆ ಫೋನ್ ಮಾಡಿದೆ.

"ಹೊದಿಸಬೇಡಿ, ತೆಗೀರಿ," ಎಂದರು ಡಾಕ್ಟರು. "ಅದೇ ಕಾದು ಕಂಬಳಿ ಆಗುತ್ತೆ. ಹೊಟ್ಟೆ, ಪಾದ, ತೊಡೆ ಸಂದು ಒದ್ದೆ ಮಾಡಿ ಗಾಳಿ ಬೀಸಿ. ಐಸ್ ನೀರು ಸುರೀಬೇಡಿ. ಮೊದಲು ಎಲ್ಲಾದರೂ ತಂಪಿರೋ ಜಾಗಕ್ಕೆ ಒಯ್ಯಿರಿ. ಅಕ್ಕಪಕ್ಕ ಯಾರ ಮನೇಲಾದರೂ ಏಸಿ ಇದೆಯಾ? ಉಸಿರು ಇಳಿದ ಮೇಲೆ ಇಲ್ಲಿಗೆ ತನ್ನಿ. ಈ ಬಿಸಿಲಲ್ಲಿ ಆಟೋದಲ್ಲಿ ಕೂರಿಸಿಕೊಂಡು ಬಂದರೆ ದಾರೀಲೇ ಕಷ್ಟ."

ಎದುರು ಮನೆಯವರು ಊರಿಗೆ ಹೋಗಿದ್ದರು. ಮಧ್ಯದ ಮಹಡಿಯಲ್ಲಿ ಬೀಗ. ಮೆಟ್ಟಿಲ ಬಳಿ ನಿಂತು ಕಿವಿಗೊಟ್ಟೆ. ಕೆಳಗಿನಿಂದ ಏಸಿಯ ಹೊರಗಿನ ಪೆಟ್ಟಿಗೆ ಗುಂಯ್ ಎನ್ನುವುದು ಕೇಳಿಸಿತು. ಟೀಚರ್ ಮನೆಯ ಫೇಸ್ ಬೇರೆ.

ಒಳಗೆ ಬಂದಾಗ ಅತ್ತೆ ಹಾಲಿನ ನೆಲದ ಮೇಲೆ ಗೋಡೆಗೊರಗಿ ಕೂತು ವೃತ್ತಪತ್ರಿಕೆ ಮಡಚಿಕೊಂಡು ನಾಯಿಗೆ ಗಾಳಿ ಬೀಸುತ್ತಿದ್ದರು. ಸೆರಗು ಒದ್ದೆ ಮಾಡಿ ಎದೆಯ ಮೇಲೆ ಹಾಕಿಕೊಂಡಿದ್ದರು.

"ಟೀಚರ್ ಮನೇಲಿ ಕರೆಂಟ್ ಇದೆ ಅತ್ತೆ," ಎಂದೆ.

ಅವರು ವೃತ್ತಪತ್ರಿಕೆ ಕೆಳಗಿಟ್ಟರು. "ಹೋಗು," ಎಂದರು. "ಬೇಡ ಅಂದ್ರೆ ಅನ್ನಲಿ. ಕೇಳೋಕೇನಂತೆ. ಬಾಯಿಲ್ಲದ ಜೀವ."

ಅವನನ್ನು ಎತ್ತಿಕೊಂಡು ಇಳಿದೆ. ತೂಕದ ನಾಯಿ, ಮೈ ಕೆಂಡದ ಹಾಗಿತ್ತು, ನನ್ನ ಬ್ಲೌಸು ಅವನ ಜೊಲ್ಲಿನಿಂದ ನೆನೆದಿತ್ತು. ಟೀಚರ್ ಬಾಗಿಲ ಮುಂದೆ ನಿಂತೆ. ಬೆಲ್ ಒತ್ತಲು ಕೈ ಬಿಡುವಿರಲಿಲ್ಲ. ನಿಜ ಹೇಳಬೇಕೆಂದರೆ, ಬಿಡುವಿದ್ದಿದ್ದರೂ ಒತ್ತುತ್ತಿದ್ದೆನೋ ಇಲ್ಲವೋ. ಯಾವ ನಾಯಿಯ ವಿಷಯಕ್ಕೆ ಅವರನ್ನು ಎಲ್ಲರೆದುರು ಅವಮಾನ ಮಾಡಿದೆವೋ ಅದೇ ನಾಯಿಯನ್ನು ತಬ್ಬಿಕೊಂಡು ಅವರ ಬಾಗಿಲಿಗೆ ಬಂದಿದ್ದೆ. ಮೊಣಕೈಯಿಂದ ಬಾಗಿಲು ತಟ್ಟಿದೆ.

ಟೀಚರ್ ಬಾಗಿಲು ತೆರೆದು ನನ್ನ ಮುಖ ನೋಡಿದರು, ಆಮೇಲೆ ನಾಯಿಯನ್ನು ನೋಡಿದರು. "ಎನ್ನ ಆಚ್ಚು?" ಎಂದರು, ಏನಾಯಿತು ಎಂದು. ನಮ್ಮಿಬ್ಬರ ಮಾತೆಲ್ಲ ತಮಿಳಿನಲ್ಲೇ ನಡೆದದ್ದು.

"ನಮ್ಮ ಫೇಸ್ ಹೋಗಿದೆ, ಟೀಚರ್. ಇವನಿಗೆ ಉಸಿರು ಸಿಗ್ತಿಲ್ಲ. ಸ್ವಲ್ಪ ಹೊತ್ತು ನಿಮ್ಮ..." ಎಂದು ಶುರುಮಾಡಿದೆ. ನಿಮ್ಮ ಏಸಿ ಎನ್ನಲು ನಾಲಗೆ ಏಳಲಿಲ್ಲ. ಕತ್ತು ಬಗ್ಗಿಸಿದೆ. ಅವರ ಹೊಸ್ತಿಲ ಮುಂದೆ ಬೆಳಿಗ್ಗೆ ಹಾಕಿದ ಕೋಲಂ ಇತ್ತು, ನಾನು ಅದರ ಮೇಲೇ ನಿಂತಿದ್ದೆ.

"ಉಳ್ಳೆ ವಾಂಗ," ಒಳಗೆ ಬನ್ನಿ ಎಂದು ಅವರು ಸರಿದು ದಾರಿ ಬಿಟ್ಟರು.

ಅವರ ಮನೆಯ ಹಾಲೇ ತಂಪಾಗಿತ್ತು. ಅವರು ಕುರ್ಚಿಯೊಂದನ್ನು ಪಕ್ಕಕ್ಕೆಳೆದು ಏಸಿಯ ಗಾಳಿ ಬೀಳುವ ಕಡೆ ನೆಲ ತೋರಿಸಿದರು. ಮಲಗಿಸಿದೆ. ಕೇಳುವ ಮೊದಲೇ ಬಕೆಟ್ಟಿನಲ್ಲಿ ನೀರು, ಒಂದು ಮಗ್ಗು, ಹಳೆಯ ಹತ್ತಿ ಸೀರೆಯ ತುಂಡು ತಂದಿಟ್ಟರು. ಆದರೆ ಹತ್ತಿರ ಬರಲಿಲ್ಲ, ಗೋಡೆಗೆ ಆನಿಕೊಂಡು ನಿಂತರು. ನಾನು ಡಾಕ್ಟರು ಹೇಳಿದ ಹಾಗೆ ಹೊಟ್ಟೆ, ಪಾದ ಒದ್ದೆ ಮಾಡುತ್ತ ಕೂತೆ. ಅವರು ಟೇಬಲ್ ಫ್ಯಾನನ್ನೂ ಅವನ ಕಡೆ ತಿರುಗಿಸಿದರು. ಬಹಳ ಹೊತ್ತಾದ ಮೇಲೆ ಗರಗಸದ ಸದ್ದು ಸಣ್ಣದಾಯಿತು. ನಾಲಗೆಯ ಬಣ್ಣ ತಿರುಗಿತು. ಅವನು ತಲೆ ಎತ್ತಿ ಮಗ್ಗನ್ನು ಮೂಸಿದ. ಅಂಗೈಯಲ್ಲಿ ನೀರು ಹಿಡಿದೆ, ನೆಕ್ಕಿದ. ನನಗೆ ಅಳು ಬಂತು. ಮುಖ ಒರೆಸಿಕೊಂಡು "ಥ್ಯಾಂಕ್ಸ್ ಟೀಚರ್" ಎಂದೆ.

ಅವರು "ನಿಮ್ಮ ಅತ್ತೆ ಎಲ್ಲಿ?" ಎಂದು ಕೇಳಿದರು.

"ಮೇಲಿದ್ದಾರೆ."

"ಮೇಲೆ ಅಂದರೆ, ಮನೇಲಾ?"

"ಹೌದು. ಅವರಿಗೆ ಏಸಿ ಆಗಲ್ಲ, ಟೀಚರ್."

"ಬರ್ತೀರಾ ಅಂತ ಕೇಳಿದಿರಾ?"

ನಾನು ಕೇಳಿರಲಿಲ್ಲ. ನಾಯಿಯ ನಾಲಗೆಯ ಬಣ್ಣ ನನಗೆ ಕಂಡಿತ್ತು. ಅದೇ ಕೋಣೆಯಲ್ಲಿ, ಅದೇ ಸೆಕೆಯಲ್ಲಿ ಎದೆಗೆ ಒದ್ದೆ ಸೆರಗು ಹಾಕಿಕೊಂಡು ಕೂತವರ ಮುಖ ಹೇಗಿತ್ತು ಎಂದು ಎಷ್ಟು ಜ್ಞಾಪಿಸಿಕೊಂಡರೂ ನೆನಪಿಗೆ ಬರಲಿಲ್ಲ. ನಾನು ನೋಡಿಯೇ ಇರಲಿಲ್ಲ. ಟೀಚರ್ ನನ್ನನ್ನು ದಿಟ್ಟಿಸಿ ನೋಡುತ್ತಿದ್ದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಅದೇ ತಡೆಯಲಾರದ್ದಾಗಿತ್ತು. ನೆಲದಿಂದ ಎದ್ದು ಓಡಿದೆ.

ಹಾಲಿನಲ್ಲಿ ಅತ್ತೆ ಇರಲಿಲ್ಲ. ಅಡುಗೆಮನೆಗೆ ಹೋದೆ. ಮೂಲೆಯಲ್ಲಿ ನೆಲದ ಮೇಲೆ ಕೂತು, ನೀರಿನ ಮಡಕೆಯನ್ನು ಒಂದು ಕೈಯಲ್ಲಿ ಬಳಸಿ, ಅದಕ್ಕೆ ಕೆನ್ನೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದರು. ಮುಖ ಕೆಂಪಡರಿತ್ತು. ಕರೆದೆ. ಎರಡನೇ ಸಲಕ್ಕೆ ಕಣ್ಣು ಬಿಟ್ಟರು.

"ಅವನು ಹೇಗಿದಾನೆ?" ಎಂದರು. ಮಾತು ತೊದಲುತ್ತಿತ್ತು.

"ಚೆನ್ನಾಗಿದಾನೆ. ನೀವು ಏಳಿ ಅತ್ತೆ. ಕೆಳಗೆ ಹೋಗೋಣ."

"ನಾನ್ಯಾಕೆ."

"ಇಲ್ಲಿ ಇರಬಾರದು. ಏಳಿ."

"ಆ ಮನೆಗೆ ಯಾವ ಮುಖ ಇಟ್ಕೊಂಡು ಬರಲಿ? ನಿನ್ನ ಗಂಡ ಅಷ್ಟು ಮಾತಾಡಿದಾನೆ. ನಾಯಿಗೇನು, ಅದಕ್ಕೆ ಮಾನ ಮರ್ಯಾದೆ ಗೊತ್ತಾಗುತ್ತಾ?"

ಮಡಕೆಯಿಂದ ನೀರು ಬಗ್ಗಿಸಿ ಕೊಟ್ಟೆ. ಅರ್ಧ ಸೀರೆಯ ಮೇಲೆ ಚೆಲ್ಲಿಕೊಂಡರು. ಮುಖ, ಕತ್ತು ಒರೆಸಿದೆ. ಎಷ್ಟು ಹೇಳಿದರೂ ಏಳಲೊಲ್ಲರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಟೀಚರ್ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತರು. ನಮ್ಮ ಮನೆಯೊಳಗೆ ಅವರು ಬಂದದ್ದು ಅದೇ ಮೊದಲು. ಅಡುಗೆಮನೆಯವರೆಗೆ ಬಂದು, ಅತ್ತೆಯನ್ನು ನೋಡಿ, ನನ್ನ ಕಡೆ ತಿರುಗದೆ ಅವರೊಡನೆಯೇ ಮಾತಾಡಿದರು.

"ಅಮ್ಮ, ನಿಮ್ಮ ನಾಯಿ ನಮ್ಮನೇಲಿ ಒಬ್ಬನೇ ಇದಾನೆ. ನನಗೆ ನಾಯಿ ಅಂದರೆ ಭಯ. ನೀವು ಬಂದು ಅವನ ಹತ್ತಿರ ಕೂತರೆ ನಾನು ನನ್ನ ಮನೇಲಿ ಇರಬಹುದು."

ಅತ್ತೆ ಅವರನ್ನೇ ನೋಡಿದರು. ಆಮೇಲೆ ನನ್ನ ಕಡೆ ಕೈ ಚಾಚಿದರು. ಆ ಕಡೆಯಿಂದ ನಾನು, ಈ ಕಡೆಯಿಂದ ಟೀಚರ್ ಹಿಡಿದುಕೊಂಡು ಇಳಿಸಿದೆವು. ಪ್ರತಿ ತಿರುವಿನಲ್ಲಿ ನಿಲ್ಲಬೇಕಾಯಿತು. ಟೀಚರಿಗೂ ಮಂಡಿ ನೋವಿತ್ತು, ಕಟಕಟ ಎನ್ನುವುದು ಕೇಳಿಸುತ್ತಿತ್ತು.

ಕೆಳಗೆ ನಾಯಿ ಎದ್ದು ಕೂತಿದ್ದ. ಅತ್ತೆಯನ್ನು ಕಂಡು ಬಾಲ ಆಡಿಸಿದ. ಟೀಚರ್ ಅವರನ್ನು ದಿವಾನದ ಮೇಲೆ ಮಲಗಿಸಿ ಉಪ್ಪು, ಶುಂಠಿ, ಕರಿಬೇವು ಹಾಕಿದ ನೀರುಮಜ್ಜಿಗೆ ತಂದರು. ಅತ್ತೆ ಹೊರಗೆ ಏನೂ ತೆಗೆದುಕೊಳ್ಳದವರು, ನೆಂಟರ ಮನೆಯಲ್ಲೂ ನೀರಿಗೂ ಹಿಂದೆಮುಂದೆ ನೋಡುವವರು. ನಾನು ಬೇಡವೆನ್ನಲು ಬಾಯಿ ತೆರೆಯುವ ಮೊದಲೇ ಅವರು ಲೋಟ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಪೂರಾ ಕುಡಿದು, ಇನ್ನೊಂದು ಲೋಟ ಕೇಳಿದರು. ಮುಖದ ಕೆಂಪು ಇಳಿಯಿತು. ಡಾಕ್ಟರರನ್ನು ಕರೆಸೋಣವೆಂದೆ. "ಯಾರಿಗೆ, ಅವನಿಗಾ ನನಗಾ?" ಎಂದು ಕೇಳಿದರು. ಅವರು ತಮಾಷೆಗೆ ಕೇಳಿದ್ದು. ನಾನು ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ನಾನು ಅಡುಗೆಮನೆಯಲ್ಲಿ ನಿಂತಿದ್ದಾಗ ಹಾಲಿನಿಂದ ಟೀಚರ್ ಮತ್ತು ಅತ್ತೆಯ ಮಾತು ಕಿವಿಗೆ ಬಿತ್ತು.

"ನಿಮ್ಮನೇಲೂ ಏಸಿ ಇದೆಯಲ್ಲಮ್ಮ. ಮಧ್ಯಾಹ್ನವೆಲ್ಲ ಓಡೋ ಸದ್ದು ನನಗೆ ಕೇಳಿಸುತ್ತೆ. ಅದು ನಾಯಿಗೆ ಅಂತ ಎಲ್ಲರೂ ಹೇಳ್ತಾರೆ. ನೀವೂ ಅಲ್ಲೇ ಮಲಗೋದಲ್ವಾ?"

"ಅದು ಮಗ ಸೊಸೆ ಮಲಗೋ ರೂಮು," ಎಂದರು ಅತ್ತೆ. "ಇರೋದೊಂದೇ ಮಂಚ. ಅವರ ಹಾಸಿಗೆ ಮೇಲೆ ನಾನು ಹೋಗಿ ಹೇಗೆ ಮಲಗಲಿ? ಅವರ ಬಟ್ಟೆ, ಅವರ ಸಾಮಾನು. ಅವರು ಇಲ್ಲದ ಹೊತ್ತಲ್ಲಿ ನಾನು ಒಳಗಿದ್ದರೆ ಚೆನ್ನಾಗಿರುತ್ತಾ? ಮಂಡಿ ನೋವು ಅಂತ ಹೇಳಿಬಿಟ್ಟೆ. ಅವರೂ ಮತ್ತೆ ಕೇಳಲಿಲ್ಲ."

"ನೆಲಕ್ಕೆ ಚಾಪೆ ಹಾಕ್ಕೋಬಹುದಿತ್ತು."

"ಹಾಕ್ಕೋಬಹುದಿತ್ತು," ಎಂದರು ಅತ್ತೆ. "ಬಾಗಿಲು ತೆಗೆದು ಅವನಿಗೆ ನೀರು ಹಾಕೋವಾಗ ಒಂದು ನಿಮಿಷ ಹಾಗೇ ನಿಂತ್ಕೋತೀನಿ. ಚೆನ್ನಾಗಿರುತ್ತೆ," ಎಂದರು.

ನಲ್ಲಿ ತಿರುಗಿಸಿದೆ, ನೀರಿನ ಸದ್ದಾಗಲಿ ಎಂದು. ಆ ಒಂದು ನಿಮಿಷವನ್ನು ನಾನು ಕಣ್ಣಾರೆ ಕಂಡಿದ್ದೆ. ರಜಾ ದಿನಗಳಲ್ಲಿ ಅವರು ಬಾಗಿಲ ಸಂದಿಯಲ್ಲಿ ನಿಂತಿರುವುದನ್ನು ನೋಡಿ "ಬಾಗಿಲು ಹಾಕ್ಬಿಡಿ ಅತ್ತೆ, ತಂಪು ಹೋಗುತ್ತೆ" ಎಂದು ಎಷ್ಟೋ ಸಲ ಹೇಳಿದ್ದೆ. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಅವರು ಬಾಗಿಲೆಳೆದುಕೊಳ್ಳುತ್ತಿದ್ದರು. ಕೆಳಗೆ ಟೀಚರಿಗೆ ಕೇಳಿಸುತ್ತಿದ್ದ ಆ ಸದ್ದನ್ನು, ಇಡೀ ಕಟ್ಟಡ ಆಡಿಕೊಳ್ಳುತ್ತಿದ್ದ ಮಾತನ್ನು, ನಾವು ಹೆಚ್ಚುಗಾರಿಕೆ ಎಂದುಕೊಂಡಿದ್ದೆವು.

ಗಂಡ ಕಂಪನಿ ಬಸ್ಸಿಳಿದು ಬಂದಾಗ ಹೊತ್ತು ಇಳಿದಿತ್ತು. ಫೋನಿನಲ್ಲಿ ಹೇಳಿದ್ದೆ, ಆದರೂ ಅವರು ಗೇಟಿನ ಬಳಿಯೇ ನಿಂತರು. ಕಿಟಕಿಯಿಂದ ನನಗೆ ಕಾಣುತ್ತಿದ್ದರು. ಟಿಫಿನ್ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ, ಮೇಲೆ ಕೆಳಗೆ ನೋಡುತ್ತ. ಟೀಚರೇ ಬಾಗಿಲಿಗೆ ಹೋದರು. "ಉಳ್ಳೆ ವಾಂಗ ಸಾರ್," ಎಂದರು. ನನ್ನ ಗಂಡ ಚಪ್ಪಲಿ ಬಿಟ್ಟು ಒಳಗೆ ಬಂದು, ತಾಯಿಯನ್ನು ನೋಡಿ, ನಾಯಿಯನ್ನು ನೋಡಿ, ಕೊನೆಗೆ ಟೀಚರ್ ಕಡೆ ಮುಖ ಮಾಡಿ, "ನಿಮ್ಮ ಫೇಸ್‌ನಲ್ಲಿ ವೋಲ್ಟೇಜ್ ಸರಿಯಾಗಿದೆಯಾ?" ಎಂದು ಕೇಳಿದರು.

"ಸರಿಯಾಗಿದೆ," ಎಂದರು ಟೀಚರ್.

"ಕೇಬಲ್ ಹಳೇದಾಗಿರಬೇಕು."

"ಇರಬಹುದು."

ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಅವತ್ತಿನಷ್ಟು ನನ್ನ ಗಂಡನ ಪರವಾಗಿ ನಾಚಿಕೆಪಟ್ಟದ್ದಿಲ್ಲ. ಆದರೆ ಅವರ ಕಿವಿ ಕೆಂಪಾಗಿತ್ತು, ಬೆವರು ಒರೆಸುತ್ತಲೇ ಇದ್ದರು. ಬೇರೆ ಮಾತು ಅವರಿಗೂ ಬರಲಿಲ್ಲ ಎಂದು ಈಗ ಅನ್ನಿಸುತ್ತದೆ. ನನಗೆ ತಾನೆ ಏನು ಬಂದಿತ್ತು. ಅತ್ತೆಯನ್ನು ಮೆಟ್ಟಿಲ ಮೇಲೆ ಕರೆದುಕೊಂಡು ಹೋಗುವಾಗ ಅವರು ಮಗನ ಭುಜ ಹಿಡಿದುಕೊಂಡು, ಕೆಳಗೆ ಕೇಳಿಸದಂತೆ, "ಕೇಬಲ್ ಬಗ್ಗೆ ಮಾತಾಡೋಕೆ ಹೋಗಿದ್ಯಾ ಅಲ್ಲಿಗೆ," ಎಂದರು. ಗಂಡ ಮೆಟ್ಟಿಲು ನೋಡುತ್ತ ಹತ್ತಿದರು.

ಆ ವಾರವೇ ಹಾಲಿಗೆ ಇನ್ನೊಂದು ಏಸಿ ಹಾಕಿಸಿದೆವು. ಅತ್ತೆಯ ಮಂಚವನ್ನು ಅದರೆದುರು ಎಳೆದು ಹಾಕಿದೆವು. ಮಗಳು ಅಜ್ಜಿಗೆ ರಿಮೋಟ್ ಕಲಿಸಿದಳು, "ಪಾಟಿ, ಇದ ಅಮುಕ್ಕುಂಗ, ಅವ್ಳೋದಾನ್," ಅಜ್ಜಿ, ಇದನ್ನು ಒತ್ತಿ, ಅಷ್ಟೇ, ಎಂದು. ಅತ್ತೆ ಕಲಿತರು. ತಂಪಾಗಿದೆ, ಚೆನ್ನಾಗಿದೆ ಎಂದರು. ನನಗೆ ಏನೋ ಸರಿಮಾಡಿದ ಸಮಾಧಾನ.

ಆದರೆ ಮುಂದಿನ ಸೋಮವಾರ ಆಫೀಸಿನಿಂದ ಬಂದರೆ ಮನೆಗೆ ಬೀಗ. ಕೆಳಗಿಳಿದು ಬಂದೆ. ಟೀಚರ್ ಮನೆಯ ಬಾಗಿಲು ಅರ್ಧ ತೆರೆದಿತ್ತು. ಅತ್ತೆ ದಿವಾನದ ಮೇಲೆ ಕಾಲು ಚಾಚಿ ಬದನೆಕಾಯಿ ಗೊಜ್ಜಿನ ಬಗ್ಗೆ ಏನೋ ಹೇಳುತ್ತಿದ್ದರು, ಟೀಚರ್ ಕನ್ನಡಕ ಏರಿಸಿಕೊಂಡು ಕೇಳುತ್ತಿದ್ದರು. ನಾಯಿ ಇಬ್ಬರ ನಡುವೆ ಕಾಲು ನಾಲ್ಕೂ ಚಾಚಿ ನಿದ್ದೆ ಹೋಗಿದ್ದ. ಟೀಚರ್ ತಮ್ಮ ಕಾಲುಗಳನ್ನು ಕುರ್ಚಿಯ ಮೇಲಕ್ಕೆ ಎತ್ತಿಟ್ಟುಕೊಂಡಿದ್ದರು. ನಾಯಿ ಎಂದರೆ ಭಯ ಎಂದದ್ದು ನಿಜವೇ ಆಗಿತ್ತು.

ಅಂದಿನಿಂದ ಅದೇ ಕ್ರಮವಾಯಿತು. ಊಟವಾದ ಮೇಲೆ ಅತ್ತೆ ನಾಯಿಯನ್ನು ಕರೆದುಕೊಂಡು, ಗೋಡೆ ಹಿಡಿದು, ನಿಧಾನವಾಗಿ ಇಳಿಯುತ್ತಾರೆ. ಸಂಜೆ ನಾನು ಹೋಗಿ ಇಬ್ಬರನ್ನೂ ಕರೆತರುತ್ತೇನೆ. ಹೊಸ ಏಸಿ ಹಾಲಿನಲ್ಲಿ ಸುಮ್ಮನೆ ಇದೆ. ಕಟ್ಟಡದಲ್ಲಿ ಈಗ ಬೇರೆ ಮಾತು: ಅತ್ತೆಯನ್ನೂ ನಾಯಿಯನ್ನೂ ಹಗಲು ಹೊತ್ತು ಟೀಚರ್ ಮನೆಗೆ ತಳ್ಳಿ ಇವರು ಕೆಲಸಕ್ಕೆ ಹೋಗುತ್ತಾರೆ. ಎದುರುಮನೆಯಾಕೆ ಲಿಫ್ಟಿಲ್ಲದ ಈ ಕಟ್ಟಡದ ಮೆಟ್ಟಿಲಿನಲ್ಲೇ ನನ್ನನ್ನು ನಿಲ್ಲಿಸಿ ಕೇಳಿದರು, "ಪಾಟಿಗೆ ಮನೇಲಿ ಏನಾದರೂ ತೊಂದರೆಯಾ?" ಎಂದು. ಇಲ್ಲ, ಅವರಿಗೆ ಅಲ್ಲಿ ಹೊತ್ತು ಹೋಗುತ್ತೆ ಎಂದೆ. ಆಕೆ ನಂಬಲಿಲ್ಲ. ಹಿಂದಿನ ವರ್ಷ ಯಾರಾದರೂ ಹೀಗೆ ಕೇಳಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಈಗ ಅವರು ಕೇಳಬೇಕಾದ್ದನ್ನೇ ಕೇಳುತ್ತಿದ್ದಾರೆ, ತಡವಾಗಿ ಕೇಳುತ್ತಿದ್ದಾರೆ ಅಷ್ಟೇ ಎನ್ನಿಸುತ್ತದೆ.

ಒಂದು ಸಂಜೆ ಟೀಚರ್ ಒಬ್ಬರೇ ಸಿಕ್ಕಾಗ, ಧೈರ್ಯ ಮಾಡಿ, ಮೀಟಿಂಗಿನ ಮಾತಿಗೆ ಕ್ಷಮೆ ಕೇಳಿದೆ. ಗಂಡನ ಪರವಾಗಿ ಎಂದೆ, ನನ್ನ ಪರವಾಗಿಯೂ ಎಂದೆ. ಅವರು "ಆ ಮಾತು ನನಗೆ ನೋವಾಯಿತು. ಈಗಲೂ ಆಗುತ್ತೆ," ಎಂದರು. ಪರವಾಗಿಲ್ಲ ಎನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. "ನಾಳೆ ಅಮ್ಮನಿಗೆ ಔಷಧಿ ಕೊಟ್ಟು ಕಳಿಸಿ, ಇವತ್ತು ಮರೆತಿದ್ದರು," ಎಂದು ಬಾಗಿಲು ಹಾಕಿಕೊಂಡರು.

ಈ ವರ್ಷ ಕತ್ತಿರಿ ಶುರುವಾಗುವ ಮುನ್ನ ಒಂದು ಭಾನುವಾರ ಅತ್ತೆಗೆ ತಲೆ ಬಾಚುತ್ತಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮುಖ ನೋಡದೆ ಮಾತಾಡಬಹುದಾದ್ದರಿಂದ ಬಾಯಿ ಬಂತು.

"ಅತ್ತೆ, ನೀವು ಆ ರೂಮಿಗೆ ಸಂಕೋಚಕ್ಕೆ ಬರ್ತಿರಲಿಲ್ಲ ಅನ್ನೋದು ನಮಗೆ ಗೊತ್ತಾಗಲಿಲ್ಲ."

"ಹೂಂ," ಎಂದರು. ಬಾಚಣಿಗೆ ಎಳೆದ ಕಡೆಗೆ ತಲೆ ವಾಲಿಸಿದರು. ಆಮೇಲೆ, ಯಾವುದೋ ಪದ ಸರಿಯಾಗಿ ಕೇಳಿಸಿಕೊಳ್ಳಲು ಕೇಳುವವರ ಹಾಗೆ, ಮೆಲ್ಲಗೆ ಕೇಳಿದರು: "ಗೊತ್ತಾಗಲಿಲ್ವೋ, ಕೇಳಲಿಲ್ವೋ?"

ಕೂದಲ ಸಿಕ್ಕು ಬಿಡಿಸುತ್ತಿದ್ದ ಕೈ ನಿಂತಿತು. ಅವರು ಹಿಂದೆ ತಿರುಗಲಿಲ್ಲ, ಉತ್ತರಕ್ಕೂ ಕಾಯಲಿಲ್ಲ. "ಬಿಗಿಯಾಗಿ ಹಾಕ್ಬೇಡ್ವೆ ಜಡೆ," ಎಂದರು. ಜಡೆ ಸಡಿಲವಾಗಿ ಹೆಣೆದೆ. ತುದಿ ಕಟ್ಟಿದ ಮೇಲೆ ಅವರು ಎದ್ದು, ಸೀರೆಯ ನೆರಿಗೆ ಕೊಡವಿಕೊಂಡು, ಚಪ್ಪಲಿ ಮೆಟ್ಟಿ ಟೀಚರ್ ಮನೆಗೆ ಹೊರಟರು. ನಾನು ಉದುರಿದ ಬಿಳಿ ಕೂದಲನ್ನು ನೆಲದಿಂದ ಆರಿಸುತ್ತ ಅಲ್ಲೇ ಕೂತಿದ್ದೆ.